ಬದಲಾಯಿಸಿಕೊಂಡ ಭಾನುವಾರಗಳು

ಆ ಬೀದಿಯಲ್ಲಿ ಯಾರಿಗೆ ಮೈ ಬಿಸಿಯಾದರೂ ಮೊದಲು ತಟ್ಟುತ್ತಿದ್ದದ್ದು ಸಿಸ್ಟರಮ್ಮನ ಮನೆಯ ಬಾಗಿಲು. ದೊಡ್ಡಾಸ್ಪತ್ರೆಯಲ್ಲಿ ಬಹಳ ವರ್ಷ ನರ್ಸಾಗಿ ದುಡಿದ ಕೈ ಅದು. ಸೂಜಿ ಚುಚ್ಚಿದ್ದು ಗೊತ್ತಾಗುವ ಹೊತ್ತಿಗೆ ಹತ್ತಿ ಒತ್ತಿ ಮುಗಿದಿರುತ್ತಿತ್ತು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಕಟ್ಟಿಕೊಂಡ ಗಂಡನೂ ಗೇಲಿಯ ಹೊತ್ತಿನಲ್ಲಿ ಸಿಸ್ಟರಮ್ಮ ಎಂದೇ ಕರೆಯುತ್ತಿದ್ದ. ಹೆಂಡತಿಯನ್ನು ಹಾಗನ್ನಲು ನಾಚಿಕೆಯಾಗುವುದಿಲ್ಲವೇ ಎಂದು ಅವನ ತಾಯಿ ಬೈಯುವುದು, ಅವನು ಹಲ್ಲು ಕಿರಿಯುವುದು, ಆ ಮನೆಯ ದಿನನಿತ್ಯದ ಆಟ.

ಗಂಡ ಬಸ್ಸಿನ ಡ್ರೈವರು. ಲೋಕಕ್ಕೆಲ್ಲ ರಜೆಯಾದ ದಿನ ಅವನಿಗೆ ಎರಡು ಟ್ರಿಪ್ಪು ಹೆಚ್ಚು. ಅವನ ತಾಯಿ ಮಂಡಿನೋವಿನ ಅಜ್ಜಿ, ಕೂತಲ್ಲಿಂದಲೇ ಮನೆ ಆಳುವವರು. ಅವನ ತಂಗಿ, ಅಂದರೆ ಸಿಸ್ಟರಮ್ಮನ ನಾದಿನಿ, ಮದುವೆಯ ಗೊಡವೆಯೇ ಬೇಡವೆಂದು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಹಾಕಿಕೊಂಡಿದ್ದವಳು. ಇವರೆಲ್ಲರ ನಡುವೆ ಒಬ್ಬಳೇ ಮಗಳು, ಹನ್ನೆರಡಕ್ಕೆ ಕಾಲಿಡುತ್ತಿದ್ದ ಹುಡುಗಿ.

ಈ ಹುಡುಗಿ ಮಾತಾಡುತ್ತಿರಲಿಲ್ಲ. ಬಾಯಿ ಬಾರದೆ ಅಲ್ಲ, ಬಾಯಿ ಬಿಡದೆ. ಶಾಲೆಯಲ್ಲಿ ಏನಾಯಿತು ಎಂದರೆ ಏನಿಲ್ಲ, ಯಾಕೆ ಮುಖ ಸಪ್ಪಗಿದೆ ಎಂದರೆ ಸುಮ್ಮನೆ. ಅಜ್ಜಿ ಅವಳಿಗೆ ಮೌನಗೌರಿ ಎಂದು ಹೆಸರಿಟ್ಟಿದ್ದರು. ಇವಳ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಗೋಡೆಯಿಂದ ಮೊಳೆ ಕೀಳುವುದು ಸುಲಭ ಎನ್ನುತ್ತಿದ್ದರು.

ಆ ಮೊಳೆ ಕೀಳುವ ಉಪಾಯ ಗೊತ್ತಿದ್ದದ್ದು ಸಿಸ್ಟರಮ್ಮನಿಗೊಬ್ಬಳಿಗೇ. ಹುಡುಗಿಯನ್ನು ನಡೆಸಬೇಕು. ಎದುರಿಗೆ ಕೂರಿಸಿಕೊಂಡು ಕೇಳಿದರೆ ತುಟಿ ಹೊಲಿದುಕೊಂಡಂತೆ ಕೂರುವವಳು, ಪಕ್ಕದಲ್ಲಿ ನಡೆಸಿಕೊಂಡು ಹೋದರೆ, ಮುಖ ನೋಡದೆ ಏನನ್ನೂ ಕೇಳದೆ ಹೋದರೆ, ಊರಾಚೆಯ ಕೆರೆಯ ದಂಡೆ ಸಿಗುವ ಹೊತ್ತಿಗೆ ತಾನಾಗಿ ಶುರು ಮಾಡುತ್ತಿದ್ದಳು. ಒಮ್ಮೆ ಶುರುವಾಯಿತೆಂದರೆ ಮುಗಿಯಿತು, ತೂಬು ಎತ್ತಿದ ಹಾಗೆ. ಯಾವ ಗೆಳತಿ ಮಾತು ಬಿಟ್ಟಳು, ಯಾವ ಟೀಚರು ಎಲ್ಲರ ಮುಂದೆ ನಗಾಡಿದರು, ರಾತ್ರಿ ಯಾವುದಕ್ಕೆ ಹೆದರಿಕೆ, ಎಲ್ಲವೂ ಹೊರಬರುತ್ತಿತ್ತು. ಬೇಸಿಗೆಯಲ್ಲಿ ಆ ದಾರಿಯಲ್ಲಿ ಕಾಲಿಡಲಾಗದು, ತಲೆ ಸುಡುತ್ತದೆ. ಮಳೆಯಲ್ಲಿ ಮೊಣಕಾಲು ಮಟ್ಟ ಕೆಸರು. ಚಳಿಗಾಲ ಬಂತೆಂದರೆ ತಾಯಿ ಮಗಳು ಪ್ರತಿ ಭಾನುವಾರ ಬೆಳಿಗ್ಗೆ ಸ್ವೆಟರು ಹಾಕಿಕೊಂಡು, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೊರಡುತ್ತಿದ್ದರು. ವರ್ಷಕ್ಕಾಗುವಷ್ಟು ಮಗಳ ಮನಸ್ಸನ್ನು ಸಿಸ್ಟರಮ್ಮ ಆ ನಾಲ್ಕು ದಿನದ ಚಳಿಯಲ್ಲೇ ಕೂಡಿಟ್ಟುಕೊಳ್ಳುತ್ತಿದ್ದಳು.

ಹೀಗಿರುವಾಗ ಸಿಸ್ಟರಮ್ಮನಿಗೆ ನರ್ಸಿಂಗಿನಲ್ಲಿ ಎಂ.ಎಸ್ಸಿ. ಓದುವ ಅವಕಾಶ ಬಂತು. ಮೇಲಿನ ಓದು ಇಲ್ಲದೆ ವಾರ್ಡಿನಿಂದ ಮೇಲೆ ಹೋಗಲು ದಾರಿ ಇರಲಿಲ್ಲ. ತನಗಿಂತ ಕಿರಿಯರು ಓದಿಕೊಂಡು ಬಂದು ತನಗೇ ಪಾಠ ಹೇಳುವ ಕಾಲ ಬಂದಿತ್ತು. ಆಸ್ಪತ್ರೆಯವರು ರಜೆ ಕೊಟ್ಟರು, ಊರಿನ ಕಾಲೇಜಿನಲ್ಲೇ ಸೀಟು ಸಿಕ್ಕಿತು. ಗಂಡ ಹೋಗು ಎಂದ. ಅಜ್ಜಿ, ಈ ವಯಸ್ಸಿನಲ್ಲಿ ಬ್ಯಾಗು ನೇತುಹಾಕಿಕೊಂಡು ಮಗಳ ಜೊತೆ ನೀನೂ ಶಾಲೆಗೆ ಹೊರಡು, ಇಬ್ಬರಿಗೂ ನಾನೇ ಜಡೆ ಹಾಕ್ತೀನಿ ಎಂದು ನಕ್ಕು ಒಪ್ಪಿದರು. ಮಗಳು ಕೇಳಿದ್ದು ಒಂದೇ ಮಾತು.

"ಭಾನುವಾರ?"

"ಭಾನುವಾರ ನಿಂದೇ ಕಣೇ. ಅದನ್ನ ಯಾರಿಗೂ ಕೊಡಲ್ಲ."

ಈ ಮಾತು ಕೊಡುವಾಗ ಸಿಸ್ಟರಮ್ಮನ ಮನಸ್ಸಿನಲ್ಲಿ ಇನ್ನೊಂದು ಇತ್ತು. ಆಸ್ಪತ್ರೆಯ ಪರವಾಗಿ ಅವಳು ಶಾಲೆಗಳಿಗೆ ಹೋಗಿ, ದೊಡ್ಡವರಾಗುವ ವಯಸ್ಸಿನ ಹುಡುಗಿಯರನ್ನು ಕೂರಿಸಿಕೊಂಡು ಮುಟ್ಟಿನ ವಿಷಯ ತಿಳಿಸಿ ಬರುತ್ತಿದ್ದಳು. ಎಷ್ಟೋ ಮಕ್ಕಳ ಹೆದರಿಕೆ ಬಿಡಿಸಿದ್ದಳು. ತನ್ನ ಮಗಳಿಗೆ ಇನ್ನೂ ಹೇಳಿರಲಿಲ್ಲ. ಎದುರು ಕೂರಿಸಿಕೊಂಡು ಹೇಳಿದರೆ ಹುಡುಗಿ ಚಿಪ್ಪಿನೊಳಗೆ ಸೇರಿಬಿಡುತ್ತಾಳೆ. ಈ ಚಳಿಗಾಲದಲ್ಲಿ, ಕೆರೆಯ ದಂಡೆಯ ಮೇಲೆ, ಅವಳೇ ಬಾಯಿ ಬಿಟ್ಟ ಒಂದು ಬೆಳಿಗ್ಗೆ ನಿಧಾನವಾಗಿ ಹೇಳಬೇಕು ಎಂದುಕೊಂಡಿದ್ದಳು. ತಾನೇ ಹೇಳಬೇಕು, ಬೇರೆಯವರ ಬಾಯಿಂದ ಅವಳು ಕೇಳಬಾರದು.

ಚಳಿಯೂ ಕಾಲೇಜೂ ಒಟ್ಟಿಗೇ ಶುರುವಾದವು. ಕತ್ತಲಲ್ಲಿ ನರ ಹುಡುಕಬಲ್ಲವಳಿಗೆ ಕಂಪ್ಯೂಟರಿನ ಮೇಲೆ ಅಕ್ಷರ ಹುಡುಕಲು ಬಾರದು. ಕ್ಲಾಸಿನ ಹುಡುಗಿಯರು ಅಕ್ಕ ಅಕ್ಕ ಎಂದು ಪ್ರೀತಿಯಿಂದಲೇ ಇದ್ದರು, ಆದರೆ ಅವರು ಒಂದು ಸಂಜೆಗೆ ಮುಗಿಸುವುದು ಇವಳಿಗೆ ವಾರ ಹಿಡಿಯುತ್ತಿತ್ತು. ಮೊದಲ ಭಾನುವಾರ ಮಗಳೊಡನೆ ಹೋಗಿ ಬಂದಳು, ತಲೆಯೆಲ್ಲ ಸೋಮವಾರದ ಸೆಮಿನಾರಿನಲ್ಲಿ. ಮಗಳು ಏನೋ ಹೇಳುತ್ತಿದ್ದಾಗ ಎರಡು ಸಲ ಏನಂದೆ ಎಂದು ಕೇಳಿದಳು. ಮೂರನೆಯ ಸಲ ಹುಡುಗಿ ಏನಿಲ್ಲ ಎಂದಳು.

ಅದರ ಮುಂದಿನ ವಾರವೇ ಸಿಸ್ಟರಮ್ಮ ತನಗೆ ಬರುವ ಒಂದು ದಾರಿ ಹಿಡಿದಳು. ವಾರ್ಡಿನಲ್ಲಿ ನರ್ಸುಗಳು ಡ್ಯೂಟಿ ಬದಲಾಯಿಸಿಕೊಳ್ಳುತ್ತಾರೆ. ನನಗೆ ಇವತ್ತು ಕೆಲಸವಿದೆ, ನೀನು ಮಾಡು, ನಿನ್ನ ನೈಟ್ ಡ್ಯೂಟಿ ಒಂದು ನಾನು ಮಾಡಿಕೊಡುತ್ತೇನೆ, ಹೀಗೆ. ಇಷ್ಟು ವರ್ಷದಲ್ಲಿ ಅವಳು ಎಷ್ಟು ಡ್ಯೂಟಿ ಕೊಟ್ಟಿದ್ದಳೋ ಎಷ್ಟು ಪಡೆದಿದ್ದಳೋ! ಯಾವತ್ತೂ ಯಾವ ರೋಗಿಗೂ ಅದರಿಂದ ತೊಂದರೆಯಾದದ್ದಿಲ್ಲ. ಆವತ್ತು ಅವಳು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು ನಾದಿನಿಯನ್ನು ಕೇಳಿದಳು.

"ಈ ಭಾನುವಾರ ನೀನು ಇವಳನ್ನ ಕರ್ಕೊಂಡು ಹೋಗ್ತೀಯಾ? ಮುಂದಿನದು ನಂದು. ಬದಲಾಯಿಸ್ಕೊಳ್ಳೋಣ."

ನಾದಿನಿ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು, "ನಾನು ಯಾವತ್ತು ಹೋಗ್ತಿದ್ದೆ ಅತ್ತಿಗೆ, ಬದಲಾಯಿಸ್ಕೊಳ್ಳೋಕೆ?" ಎಂದು ನಕ್ಕಳು. ಆದರೂ ಹೋದಳು.

ಮುಂದಿನ ವಾರ ಅಸೈನ್‌ಮೆಂಟು. ಅದರ ಮುಂದಿನ ವಾರ ಹಳ್ಳಿಯೊಂದರಲ್ಲಿ ಕ್ಯಾಂಪು. ಪ್ರತಿ ಸಲವೂ ಸಿಸ್ಟರಮ್ಮ ನಾದಿನಿಯ ಮುಂದೆ ನಿಂತು ಇದೊಂದು ಸಲ ಎನ್ನುವಳು, ಪರೀಕ್ಷೆ ಮುಗಿಯಲಿ ಎಲ್ಲ ಒಟ್ಟಿಗೆ ತೀರಿಸುತ್ತೇನೆ ಎನ್ನುವಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಬಾಕಿ ಉಳಿದ ಡ್ಯೂಟಿ ಎಲ್ಲಿಗೂ ಓಡಿಹೋಗುವುದಿಲ್ಲ, ಯಾವತ್ತಾದರೂ ಮಾಡಿ ಮುಗಿಸಬಹುದು ಎಂಬುದು ಅವಳ ಕೆಲಸ ಅವಳಿಗೆ ಕಲಿಸಿದ ಪಾಠ. ಚಳಿಗಾಲ ಓಡುತ್ತದೆ ಎಂಬುದು ಹೊಳೆಯಲಿಲ್ಲ.

ಸಂಜೆ ಹೊತ್ತು ಮಗಳು ಬಂದು ಪಕ್ಕದಲ್ಲಿ ಕೂತು ಅವಳ ಬರಹವನ್ನು ಟೈಪು ಮಾಡಿಕೊಡುತ್ತಿದ್ದಳು. ಭುಜಕ್ಕೆ ಭುಜ ತಾಗುತ್ತಿತ್ತು, ಮಾತಿಲ್ಲ. ಕೂತಾಗ ಇವಳು ಮಾತಾಡುವವಳಲ್ಲ ಎಂದು ಗೊತ್ತಿದ್ದ ತಾಯಿ ಕೇಳಲೂ ಇಲ್ಲ. ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಮಗಳ ಮತ್ತು ಅವಳ ಸೋದರತ್ತೆಯ ನಗು ಕೇಳುತ್ತಿತ್ತು; ಬಾಗಿಲ ಹತ್ತಿರ ಬಂದ ಕೂಡಲೆ, ಶ್, ಅಮ್ಮ ಓದ್ತಿದಾಳೆ ಎಂಬ ಪಿಸುಮಾತು, ಆಮೇಲೆ ಬೆಕ್ಕಿನ ಹೆಜ್ಜೆ. ಎಂಥ ಒಳ್ಳೆಯ ಮಕ್ಕಳು ಎಂದುಕೊಂಡು ಸಿಸ್ಟರಮ್ಮ ಹಾಳೆ ಮಗುಚುತ್ತಿದ್ದಳು.

ಆ ವರ್ಷದ ಮೊದಲ ಪರೀಕ್ಷೆಯ ದಿನಗಳಲ್ಲಿ ಒಂದು ಸಂಜೆ ಅಜ್ಜಿ ಗೋಡೆ ಹಿಡಿದುಕೊಂಡು ಅವಳ ಕೋಣೆಯ ತನಕ ಬಂದರು. ಮಂಡಿನೋವಿನವರು ಸುಮ್ಮನೆ ಅಷ್ಟು ದೂರ ಬರುವವರಲ್ಲ. ಏನೋ ಹೇಳುವುದಿತ್ತು ಎಂದರು. ಸಿಸ್ಟರಮ್ಮ ತಲೆ ಎತ್ತದೆ, ತುರ್ತೇ ಎಂದು ಕೇಳಿದಳು. ಅಜ್ಜಿ ಹಾಳೆಗಳ ರಾಶಿಯನ್ನೊಮ್ಮೆ ನೋಡಿದರು. ತುರ್ತೇನಿಲ್ಲ, ಎಲ್ಲ ಸರಿಯಾಗಿದೆ ಎಂದರು. ಹಾಗಾದರೆ ಪರೀಕ್ಷೆ ಮುಗಿದ ಮೇಲೆ ಹೇಳಿ ಎಂದಳು ಇವಳು. ಅವರು ಬಂದ ಹಾಗೆಯೇ ಗೋಡೆ ಹಿಡಿದು ಹಿಂತಿರುಗಿದರು.

ಪರೀಕ್ಷೆ ಮುಗಿಯಿತು. ಚೆನ್ನಾಗಿಯೇ ಬರೆದಿದ್ದಳು. ಆ ವಾರವೇ ಅವಳು ನಾದಿನಿಗೆ, ಈ ಸಲ ನಾನೇ, ನೀನು ಮಲಗು ಎಂದು ಹೇಳಿ, ಬೆಳಿಗ್ಗೆ ಎದ್ದು ಫ್ಲಾಸ್ಕು ತುಂಬಿದಳು. ಮಗಳ ಸ್ವೆಟರಿನ ತೋಳು ಮಣಿಕಟ್ಟು ಬಿಟ್ಟು ಮೇಲೆ ಸರಿದಿತ್ತು. ಇಷ್ಟುದ್ದ ಯಾವಾಗ ಬೆಳೆದಳು ಎಂದುಕೊಂಡಳು. ಆಗಲೇ ಮಂಜು ತೆಳ್ಳಗಾಗಿತ್ತು, ಬಿಸಿಲಿಗೆ ಬೇಗ ಬರುವ ಅಭ್ಯಾಸ ಶುರುವಾಗಿತ್ತು. ತಾಯಿ ಏನೂ ಕೇಳದೆ, ಮುಖ ನೋಡದೆ ನಡೆದಳು. ಇಟ್ಟಿಗೆ ಗೂಡು ದಾಟಿತು, ತಂತಿ ಬೇಲಿ ದಾಟಿತು. ಕೆರೆಯ ದಂಡೆ ಹತ್ತಿದರು. ಮಗಳು ಬಾಯಿ ಬಿಡಲಿಲ್ಲ. ಮುನಿಸಿರಲಿಲ್ಲ, ನೆಮ್ಮದಿಯಾಗಿ ನೀರು ನೋಡುತ್ತಾ ನಡೆಯುತ್ತಿದ್ದಳು, ಹೇಳುವುದು ಏನೂ ಬಾಕಿ ಇಲ್ಲದವರ ಹಾಗೆ.

ಕೊನೆಗೆ ತಾಯಿಯೇ ಶುರು ಮಾಡಿದಳು. ಹುಡುಗಿಯರು ದೊಡ್ಡವರಾಗುವಾಗ ಮೈಯಲ್ಲಿ ಕೆಲವು ಬದಲಾವಣೆಗಳಾಗುತ್ತವೆ, ಹೆದರಬಾರದು ಎಂದು, ಶಾಲೆಗಳಲ್ಲಿ ಹೇಳುವ ಮಾತನ್ನೇ ಮೆತ್ತಗೆ ಮಾಡಿಕೊಂಡು ಹೇಳುತ್ತಾ ಹೋದಳು. ಮಗಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ, ತಾಯಿಗೆ ನೋವಾಗಬಾರದೆಂಬ ದನಿಯಲ್ಲಿ ಹೇಳಿದಳು.

"ಅಮ್ಮ, ಅದು ಆಯ್ತು."

"ಏನಾಯ್ತು?"

"ಅದೇ. ಇಲ್ಲೇ ಆಯ್ತು, ಅತ್ತೆ ಜೊತೆ ಬಂದಾಗ. ಅತ್ತೆ ತನ್ನ ಸ್ವೆಟರ್ ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದ್ಳು. ಮನೆಗೆ ಹೋಗೋವರ್ಗೂ ಎಲ್ಲ ಹೇಳಿದ್ಳು. ನಂಗೇನೂ ಹೆದ್ರಿಕೆ ಆಗ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ ಪುಟ್ಟಿ?"

"ನಿಂಗೆ ಮರುದಿನ ಪರೀಕ್ಷೆ ಇತ್ತಲ್ಲ. ನಾನೇ ಬೇಡ ಅಂದೆ. ಓದ್ಲಿ ಪಾಪ ಅಂದೆ."

ಆ ಪಾಪ ಎಂಬ ಮಾತು ಸಿಸ್ಟರಮ್ಮನ ಎದೆಯಲ್ಲಿ ನೆಟ್ಟುಕೊಂಡಿತು. ಫ್ಲಾಸ್ಕಿನ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು. ಊರ ಮಕ್ಕಳಿಗೆಲ್ಲ ಹೇಳಿದವಳು ಮನೆಯ ಮಗಳ ಹೊತ್ತಿಗೆ ಇರಲಿಲ್ಲ. ದೀಪದ ಬುಡ ಕತ್ತಲೆ ಎಂಬುದನ್ನು ಎಷ್ಟೋ ಸಲ ಬೇರೆಯವರಿಗೆ ಅಂದಿದ್ದಳು.

ಮನೆಗೆ ಬಂದು, ಮಗಳು ಹಿತ್ತಲಿಗೆ ಹೋದ ಮೇಲೆ, ಹೊಲಿಗೆ ಕೋಣೆಗೆ ಹೋದಳು. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ಹತ್ತಿರ ಇದ್ದವರ ಮೇಲೆ ಹೋಗುತ್ತದೆ. ಇಂಥ ವಿಷಯ ತಾಯಿಯಿಂದ ಮುಚ್ಚಿಡುವುದೇ ಎಂದು ಕೇಳಿದಳು. ನಾದಿನಿ ಮೆಷಿನ್ನು ನಿಲ್ಲಿಸಿದಳು.

"ಆ ಹೊತ್ತಲ್ಲಿ ಮಗು ನನ್ನ ಕೈ ಹಿಡ್ಕೊಂಡು ನಡುಗ್ತಿತ್ತು ಅತ್ತಿಗೆ. ನಾಳೆ ನಿಮ್ಮಮ್ಮ ಬರ್ತಾಳೆ ತಡಿ ಅನ್ನೋಕಾಗುತ್ತಾ? ನನಗೆ ಗೊತ್ತಿದ್ದಷ್ಟು ಹೇಳಿದೆ. ತಪ್ಪು ಹೇಳಿದ್ರೆ ನೀವು ತಿದ್ದಿ."

ತಿದ್ದುವುದು ಏನೂ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಅವಳು ಸರಿಯಾಗಿಯೇ ಹೇಳಿದ್ದಳು. ತಾನು ಹೇಳುತ್ತಿದ್ದದ್ದಕ್ಕಿಂತ ಮೆತ್ತಗೆ ಹೇಳಿದ್ದಳೋ ಏನೋ. ವರಾಂಡದಿಂದ ಅಜ್ಜಿಯ ದನಿ ಬಂತು, ಬೈಗುಳವಲ್ಲ, ನಿಟ್ಟುಸಿರಿನಂಥದ್ದು.

"ನಾನು ಹೇಳೋಕೆ ಬಂದಿದ್ದೆ ಕಣೇ. ತುರ್ತಾ ಅಂತ ನೀನು ಕೇಳಿದೆ. ಆಗಿ ಹೋದದ್ದಕ್ಕೆ ಎಂಥ ತುರ್ತು?"

ಸಿಸ್ಟರಮ್ಮ ಅಲ್ಲೇ ಬಟ್ಟೆ ತುಂಡುಗಳ ಮೇಲೆ ಕೂತಳು. ನಾದಿನಿ ಎದ್ದು ಹೋಗಿ ನೀರು ತಂದುಕೊಟ್ಟಳು. ರಾತ್ರಿ ಊಟಕ್ಕೆ ಕೂತಾಗ ಗಂಡ, ಪರೀಕ್ಷೆ ಬರೆದವರ ಮುಖ ಹೀಗಿರುತ್ತಾ, ಫೇಲಾದವರ ಹಾಗೆ ಎಂದು ಕೆಣಕಿದ. ಅಜ್ಜಿ, ಸುಮ್ಮನೆ ಉಣ್ಣು ಎಂದರು.

ಓದು ಬಿಡುವ ಯೋಚನೆ ಬಂತು, ಬಿಡಲಿಲ್ಲ. ಬಿಟ್ಟರೆ ಮಗಳೇ ನೊಂದುಕೊಳ್ಳುತ್ತಿದ್ದಳು, ತನ್ನಿಂದ ಹೀಗಾಯಿತು ಎಂದು. ಬೇಸಿಗೆ ಬಂತು, ಮಳೆ ಬಂತು. ಕಳೆದ ಭಾನುವಾರಗಳನ್ನೆಲ್ಲ ಒಟ್ಟಿಗೆ ತೀರಿಸುತ್ತೇನೆ ಎಂದಿದ್ದವಳು ಬಿಸಿಲಲ್ಲಿ ಒಂದು ಸಲ, ಕೆಸರಲ್ಲಿ ಒಂದು ಸಲ ಕರೆದು ನೋಡಿದಳು. ಹುಡುಗಿ ಅಮ್ಮನ ಮುಖ ನೋಡಿ ಬಂದಳು, ಕೊಡೆ ಹಿಡಿದಳು, ನಕ್ಕಳು. ಮಾತು ಮಾತ್ರ ಮನೆಯಲ್ಲಿ ಆಡುವಷ್ಟೇ.

ಎರಡನೆಯ ವರ್ಷದ ಚಳಿ ಬಿತ್ತು. ಸಿಸ್ಟರಮ್ಮ ಭಾನುವಾರದ ಓದನ್ನು ಶನಿವಾರಕ್ಕೆ ತಳ್ಳಿ, ಕ್ಲಾಸಿನ ಗೆಳತಿಯರ ಕೈಲಿ ಬೈಸಿಕೊಂಡು, ಬೆಳಿಗ್ಗೆ ಎದ್ದು ಕೂತಳು. ಆಗಲೇ ಎರಡು ವಾರದಿಂದ ಕೆರೆಗೆ ಹೋಗಿಬರುತ್ತಿದ್ದ ಮಗಳೂ ನಾದಿನಿಯೂ ಶೂ ಕಟ್ಟಿಕೊಳ್ಳುತ್ತಿದ್ದರು. ಆಗ ಅವಳಿಗೆ ಒಂದು ತಿಳಿಯಿತು. ಹೋದ ವರ್ಷದ ಹಾಗೆ, ಈ ಸಲ ನಾನೇ, ನೀನು ಮಲಗು ಎಂದು ನಾದಿನಿಗೆ ಹೇಳುವ ಹಕ್ಕು ತನಗಿಲ್ಲ. ಬಾಗಿಲ ಹತ್ತಿರ ನಿಂತು ಕೇಳಿದಳು.

"ನಾನೂ ಬರ್ಲಾ?"

ನಾದಿನಿ ಮಗಳ ಮುಖ ನೋಡಿದಳು. ಮಗಳು ಅಮ್ಮನ ಕಾಲಿನ ಕಡೆ ನೋಡಿ, "ಶೂ ಹಾಕ್ಕೊ. ನಾವು ಜೋರಾಗಿ ನಡೀತೀವಿ" ಎಂದಳು.

ಮೂವರೂ ಹೊರಟರು. ದಾರಿ ಕಿರಿದು, ಇಬ್ಬರು ಮಾತ್ರ ಜೊತೆಯಾಗಿ ನಡೆಯುವಷ್ಟು. ಸಿಸ್ಟರಮ್ಮ ಒಂದು ಹೆಜ್ಜೆ ಹಿಂದೆ ಉಳಿದಳು. ತಂತಿ ಬೇಲಿ ದಾಟುವ ಮೊದಲೇ ಮಗಳ ಮಾತು ಶುರುವಾಯಿತು. ಹಿಂದಿನ ವಾರ ಎಲ್ಲಿಗೆ ನಿಂತಿತ್ತೋ ಅಲ್ಲಿಂದ. ಯಾವಳೋ ಉದ್ದಜಡೆಯವಳಂತೆ, ಅವಳು ಇನ್ಯಾರಿಗೋ ಏನೋ ಹೇಳಿದಳಂತೆ, ಅದಕ್ಕೆ ಕೊನೆಯ ಬೆಂಚಿನವಳು ಅತ್ತಳಂತೆ. ನಾದಿನಿ, ಅವಳು ಮತ್ತೆ ಶುರು ಹಚ್ಕೊಂಡ್ಳಾ ಎನ್ನುತ್ತಿದ್ದಳು. ತಾಯಿಗೆ ಯಾರೂ ಗೊತ್ತಿಲ್ಲ. ಯಾರದು ಎಂದು ಕೇಳಬೇಕೆನಿಸಿತು. ಕೇಳಿದರೆ ಮಾತು ನಿಂತೀತು ಎಂದು ಹೆದರಿದಳು. ಹೊಸದಾಗಿ ವಾರ್ಡಿಗೆ ಬಂದ ನರ್ಸು ಯಾವ ಹಾಸಿಗೆಯಲ್ಲಿ ಯಾರು ಎಂದು ಕಿವಿಯಿಂದಲೇ ಕಲಿಯುವ ಹಾಗೆ, ಉದ್ದಜಡೆಯವಳು, ಕೊನೆಯ ಬೆಂಚಿನವಳು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾ, ಅವರ ಹಿಂದೆ ದಂಡೆ ಹತ್ತಿದಳು.