ಅತ್ತೆ ಅಡಿಯಿಂದ ಎಳೆದ ಪುಸ್ತಕ

ಗೆಳೆಯರೇ, ಇವತ್ತು ಶಿಡ್ಲಘಟ್ಟದ ಪುಸ್ತಕದ ಅಂಗಡಿಯಲ್ಲಿ ನಮ್ಮತ್ತೆ ಒಂದು ರಾಶಿಯನ್ನೇ ಉರುಳಿಸಿಬಿಟ್ಟರು.

ರೇಷ್ಮೆಗೂಡು ಕೊಂಡು ನೂಲು ತೆಗೆಸುವ ಮನೆ ನಮ್ಮದು. ಮಾರುಕಟ್ಟೆಯಲ್ಲಿ ಅತ್ತೆ ಮೇಲಿನ ಗೂಡು ನೋಡುವುದೇ ಇಲ್ಲ, ರಾಶಿಯ ಅಡಿಗೆ ಕೈಹಾಕಿ ಒಂದು ಹಿಡಿ ಎಳೆಯುತ್ತಾರೆ. ಒತ್ತಿದರೆ ಅಮುಕುವ, ನೂಲು ಕಡಿಮೆಯ ಗೂಡಾದರೆ “ಜಾಳು” ಎಂದು ಬಿಟ್ಟು ಮುಂದೆ ಹೋಗುತ್ತಾರೆ. ಪುಸ್ತಕಕ್ಕೂ ಅದೇ ಕ್ರಮ.

“ಅಮ್ಮಾ, ಮೇಲಿರೋದು ತಗೊಳ್ಳಿ!” ಎಂದು ಅಂಗಡಿಯವರು ಕೂಗಿದರು.

“ಮೇಲೆ ಚೆನ್ನಾಗಿರೋದೇ ಇಟ್ಟಿರ್ತೀಯ ಕಣಪ್ಪ. ಅಡೀಲಿ ಏನೈತೆ ನೋಡ್ಬೇಕಲ್ಲ!”

ನನ್ನ ಕೈಯಲ್ಲಿದ್ದ ಸಂಸಾರದ ಕಾದಂಬರಿಯನ್ನು ಕಿತ್ತಿಟ್ಟರು. “ಅತ್ತೆ ಸೊಸೆ ಜಗಳ ದುಡ್ಡು ಕೊಟ್ಟು ಓದ್ಬೇಕೇನಮ್ಮ? ಮನೇಲಿಲ್ವಾ?” ಮಾಂತ್ರಿಕರ ಕಥೆ, ಕಾಡಿನ ಸಾಹಸ ಎರಡರದ್ದೂ ನಡುಪುಟ ಓದಿ “ಜಾಳು” ಎಂದರು. ಕೊನೆಗೆ ಅಡಿಯಿಂದ ಬಂದ ಯುದ್ಧದ ಕಥೆಯೊಂದನ್ನು ತೆರೆದವರು ನಿಂತಲ್ಲೇ ನಿಂತರು. “ಇದು ಗಟ್ಟಿ ಐತೆ, ತಗೋ.”

ಮಧ್ಯಾಹ್ನದಿಂದ ನಾನು ಅದನ್ನು ಕೆಳಗಿಟ್ಟಿಲ್ಲ. ಅಡುಗೆಯನ್ನೂ ಅತ್ತೆಯೇ ನೋಡಿಕೊಳ್ಳುತ್ತಿದ್ದಾರೆ. “ಆ ಸಿಪಾಯಿ ಮನೆ ಸೇರಿದ್ನೇನೇ?” ಎಂದು ಒಲೆ ಮುಂದಿನಿಂದಲೇ ಆಗಾಗ ಕೇಳುತ್ತಾರೆ.

ನನ್ನನ್ನು ನೋಡಲು ಬಂದ ದಿನವೂ ಹೀಗೇ. ಸಿಂಗರಿಸಿಕೊಂಡು ಜಮಖಾನದ ಮೇಲೆ ಕೂತಿದ್ದ ನನ್ನನ್ನು ಬಿಟ್ಟು ಸೀದಾ ನಮ್ಮ ಅಡುಗೆಮನೆಗೆ ನುಗ್ಗಿದ್ದರು. ಅಲ್ಲಿ ಏನು ಕಂಡರೋ ಇವತ್ತಿಗೂ ಹೇಳಿಲ್ಲ. ಸದ್ಯ, ಜಾಳು ಅನ್ನಲಿಲ್ಲ.