ಎರ್ಮಿನಿಯಾ ಟೀಚರ ಎರಡು ಸಹಿ

ಎರ್ಮಿನಿಯಾ ತೆಹೇದಾ ಅವರ ಕಾರನ್ನು ನಾನು ಹನ್ನೊಂದು ವರ್ಷ ಓಡಿಸಿದೆ. ಪ್ರಾಂತ ಸರ್ಕಾರದಲ್ಲಿ ಲೋಕೋಪಯೋಗಿ ಮಂತ್ರಿಯಾಗಿದ್ದಾಗ, ಆಮೇಲೆ ಮ್ಯಾಡ್ರಿಡ್‌ಗೆ ಹೋಗಿ ಕೇಂದ್ರ ಸರ್ಕಾರ ಸೇರಿದಾಗಲೂ. ಅದಕ್ಕೂ ಮುಂಚೆ ಅವರು ನಮ್ಮ ಕಾಂಪೊಲಾರ್ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಎರಡು ಸಲ ಮೇಯರ್ ಕೂಡ ಆಗಿದ್ದರು. ಹಾಗಾಗಿ ಊರಿಗೆಲ್ಲ ಅವರು ಕೊನೆಯವರೆಗೂ ಟೀಚರಮ್ಮನೇ. ಗಟ್ಟಿ ಹೆಂಗಸು ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಆದರೆ ಪ್ರತಿ ಸಭೆಗೆ ಮುಂಚೆ ಹೇಳಬೇಕಾದ್ದನ್ನು ಕಾರಿನಲ್ಲೇ ಎರಡೆರಡು ಸಲ ಹೇಳಿ ನೋಡುತ್ತಿದ್ದರು. ಅದು ಮುಗಿಯಲೆಂದು ಎಷ್ಟೋ ಸಲ ಆಲಿವ್ ತೋಪಿನ ಪಕ್ಕ ನಾನು ಕಾರು ನಿಲ್ಲಿಸಿದ್ದೇನೆ.

ಅವರು ಪ್ರಾಂತದ ಮಂತ್ರಿಯಾಗಿದ್ದಾಗ ಒಂದು ಫೆಬ್ರವರಿಯಲ್ಲಿ ಹನ್ನೆರಡು ದಿನ ಎಡೆಬಿಡದೆ ಮಳೆ ಸುರಿಯಿತು. ಕಾಂಪೊಲಾರ್ ಮೇಲ್ಗಡೆಯ ಮಣ್ಣಿನ ಅಣೆಕಟ್ಟು ತುಂಬಿತು. ಬೆಗೋನ್ಯಾ ಎಂಬ ಕಿರಿಯ ಇಂಜಿನಿಯರ್ ಅದರ ಬುಡದಲ್ಲಿ ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಕಚೇರಿಗೆ ತಂದಳು. ನೀರು ಬಗ್ಗಡವಾಗಿತ್ತು.

"ಇಷ್ಟು ವರ್ಷ ತಿಳಿನೀರು ಬರ್ತಿತ್ತು ಮೇಡಂ. ಈಗ ಮಣ್ಣು ಬರ್ತಿದೆ ಅಂದ್ರೆ ಒಳಗಿಂದ ಕೊರೀತಾ ಇದೆ."

ಹಿರಿಯ ಇಂಜಿನಿಯರುಗಳು ಮೂವರೂ ಮಳೆಯಲ್ಲಿ ಇದೆಲ್ಲ ಸಹಜ ಎಂದರು. ಟೀಚರಮ್ಮ ಲೋಟವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಊರು ಖಾಲಿ ಮಾಡಿಸುವ ಆದೇಶಕ್ಕೆ ಸಹಿ ಹಾಕಿದರು.

ಅದು ವರ್ಷದ ಸಾಸೇಜಿಗೆಂದು ಮನೆಮನೆಯಲ್ಲೂ ಹಂದಿ ಕಡಿಯುವ ವಾರ. ಮುನ್ನೂರ ನಲವತ್ತು ಜನ ಅರ್ಧಂಬರ್ಧ ಕೊಚ್ಚಿದ ಮಾಂಸ ಬಿಟ್ಟು, ಬೈಯುತ್ತ ಬಸ್ಸು ಹತ್ತಿದರು. ಟೀಚರಮ್ಮನ ಚಿಕ್ಕಪ್ಪ ಎಲಾದಿಯೊ ಮಾತ್ರ, ಅವರೇ ಮನೆಗೆ ಹೋಗಿ ಕರೆದರೂ ಒಲೆಯ ಮುಂದಿನಿಂದ ಏಳಲಿಲ್ಲ.

"ಹೇಳ್ತಿರೋದು ಮಂತ್ರೀನಾ, ನಮ್ಮಣ್ಣನ ಮಗಳಾ?"

"ಇಬ್ರೂ, ಚಿಕ್ಕಪ್ಪ."

"ಹಂಗಾದ್ರೆ ಇಬ್ರೂ ಕೇಳಿಸ್ಕೊಳ್ಳಿ. ಈ ಸಾಸೇಜ್ ಕಟ್ಟಿ ಮುಗಿಯೋವರ್ಗೂ ನಾನು ಎಲ್ಲಿಗೂ ಬರಲ್ಲ."

ಟೀಚರಮ್ಮ ಕೋಟು ಬಿಚ್ಚಿಟ್ಟು, ತೋಳು ಮಡಿಚಿ, ಕರುಳಿಗೆ ಮಾಂಸ ತುಂಬಿ ದಾರ ಕಟ್ಟಲು ಕೂತರು. ಗಂಟು ಜಾರಿದಾಗಲೆಲ್ಲ ಬಿಚ್ಚಿ ಮತ್ತೆ ಕಟ್ಟಿದರು. ನಾನು ಬಾಗಿಲಲ್ಲಿ ನಿಂತು ಹೊಳೆಯ ಸದ್ದಿಗೆ ಕಿವಿಗೊಟ್ಟಿದ್ದೆ. ಪೂರಾ ಒಂದು ಗಂಟೆ ಹಿಡಿಯಿತು.

ಮೂರು ದಿನ ಕಳೆಯಿತು. ಮಳೆ ನಿಂತು ಬಿಸಿಲು ಬಂತು. ಅಣೆಕಟ್ಟಿಗೆ ಏನೂ ಆಗಲಿಲ್ಲ. ಪಕ್ಕದ ಊರಿನ ಆಟದ ಸಭಾಂಗಣದಲ್ಲಿ ಮಲಗಿದ್ದ ಜನಕ್ಕೆ ಸಾಕಾಗಿತ್ತು.

"ಟೀಚರಮ್ಮ, ಯಾವ ಪಾಠ ಒಪ್ಪಿಸ್ಲಿಲ್ಲ ಅಂತ ನಮ್ಮನ್ನ ಹೊರಗೆ ನಿಲ್ಸಿದ್ದೀರಿ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಮೇ ತಿಂಗಳಲ್ಲಿ ಚುನಾವಣೆ ಇತ್ತು. ಜನರನ್ನು ಮನೆಗೆ ಕಳಿಸಿ ಎಂದು ಪಕ್ಷದ ಹಿರಿಯರಿಂದ ಬೆಳಗಿನಿಂದ ಆರು ಫೋನ್ ಬಂದವು. ನೀರು ಇಳಿಯಲು ಇನ್ನೆರಡು ವಾರ ಕೊಡಿ ಎಂದು ಬೆಗೋನ್ಯಾ ಬೇಡಿಕೊಂಡಳು. ಮಧ್ಯಾಹ್ನ ಟೀಚರಮ್ಮ ಜನರನ್ನು ವಾಪಸ್ ಕಳಿಸುವ ಆದೇಶಕ್ಕೂ ಸಹಿ ಹಾಕಿದರು.

ಕಾರಿನಲ್ಲಿ ನನ್ನನ್ನು ಕೇಳಿದರು. "ಫುಲ್ಖೆನ್ಸಿಯೊ, ನಾನು ಮಾಡಿದ್ದು ಸರಿನಾ?"

"ಜನ ಖುಷಿಯಾಗಿದ್ದಾರೆ, ಟೀಚರಮ್ಮ."

"ನಾನು ಕೇಳಿದ್ದು ಅದಲ್ಲ."

ಪಕ್ಷ ಗೆದ್ದಿತು. ಟೀಚರಮ್ಮ ಹೇಳಿದ ಮಾತು ಕೇಳುವವರು ಎಂದು ಪಕ್ಷಕ್ಕೆ ಗೊತ್ತಾಗಿತ್ತಲ್ಲ, ಮರುವರ್ಷ ಮ್ಯಾಡ್ರಿಡ್‌ನಿಂದ ಕರೆ ಬಂತು. ಜಲ ಇಲಾಖೆಯ ಉಪಮಂತ್ರಿ ಹುದ್ದೆ. ಅಲ್ಲಿ ಪ್ರತಿದಿನ ಬೆಳಗ್ಗೆ ಕಾಫಿಗೂ ಮುಂಚೆ ಕಾಂಪೊಲಾರ್ ಅಣೆಕಟ್ಟಿನ ಕಾವಲುಗಾರನಿಗೆ ಫೋನ್ ಮಾಡಿ ನೀರಿನ ಬಣ್ಣ ಕೇಳುತ್ತಿದ್ದರು. ಅವನು ಎತ್ತದಿದ್ದರೆ ಎತ್ತುವವರೆಗೂ ಮತ್ತೆ ಮತ್ತೆ ಮಾಡುತ್ತಿದ್ದರು. ಕಡತದ ಬೆನ್ನು ಹತ್ತಿ ದುರಸ್ತಿ ಶುರು ಮಾಡಿಸುವಷ್ಟರಲ್ಲಿ ಮತ್ತೆ ಮೂರು ವರ್ಷ ಹೋಯಿತು. ಕಟ್ಟೆ ಅಗೆದಾಗ ಹಳೆಯ ಕೊಳವೆಯ ಪಕ್ಕ ದೊಡ್ಡ ಪೊಳ್ಳು ಸಿಕ್ಕಿತು. ಬೆಗೋನ್ಯಾ ಟಾರ್ಚ್ ಹಿಡಿದು ಅಂಬೆಗಾಲಿಟ್ಟು ಒಳಗೆ ಹೋಗಿ ಬಂದು, ಇಷ್ಟು ವರ್ಷದಲ್ಲಿ ಯಾವ ಮಳೆಗಾದರೂ ಕಟ್ಟೆ ಒಡೆಯಬಹುದಿತ್ತು ಎಂದಳು.

ಉಪಮಂತ್ರಿಯವರ ದೂರದೃಷ್ಟಿ ಹೊಗಳುವ ಪ್ರಕಟಣೆಯನ್ನು ಸಿಬ್ಬಂದಿ ಸಿದ್ಧಪಡಿಸಿದರು. ಅದು ಹೊರಗೆ ಹೋಗದಂತೆ ತಡೆದು ಅವರು ಊರಿಗೆ ಬಂದರು. ಭಾನುವಾರ ಚರ್ಚ್ ಬಿಟ್ಟ ಮೇಲೆ ಚೌಕದಲ್ಲಿ ನಿಂತರು.

"ನಿಮ್ಮನ್ನ ವಾಪಸ್ ಕಳಿಸಿದ್ದು ನಾನು. ಬೇಡ ಅಂತ ಒಬ್ಬಳು ಹೇಳಿದ್ಲು. ಕೇಳಿಸ್ಕೊಂಡೂ ಕಳಿಸ್ದೆ."

ನಿಯೆವೆಸ್ ಎಂಬಾಕೆ ಊರಿಗೆ ವಾಪಸ್ ಬಂದ ಮೇಲೆ ಹುಟ್ಟಿದ ತನ್ನ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಾವೇ ಅಲ್ವೇನೆ ಕಾಟ ಕೊಟ್ಟಿದ್ದು?" ಎಂದ ಎಲಾದಿಯೊ.

"ಸಹಿ ನಿಮ್ಮದಲ್ಲ, ಚಿಕ್ಕಪ್ಪ."

ಸೋಮವಾರ ರಾಜೀನಾಮೆ ಕೊಟ್ಟರು. ಶಾಲೆಗೆ ಮರಳಿದರು. ಕೆಲವರು ಮಾತು ಬಿಟ್ಟರು. ಮೂರು ವರ್ಷದ ಮೇಲೆ ಹೊಸ ಶಾಲಾ ವರ್ಷ ಶುರುವಾಗುವ ಒಂದು ಸೆಪ್ಟೆಂಬರ್ ಬೆಳಗ್ಗೆ ನಿಯೆವೆಸ್ ಮಗಳ ಕೈ ಹಿಡಿದು ಶಾಲೆಗೆ ಬಂದಳು. ಟೀಚರಮ್ಮನ ಮುಖ ನೋಡಲಿಲ್ಲ. ಮಗುವನ್ನು ಮೊದಲ ಬೆಂಚಿನಲ್ಲಿ ಕೂರಿಸಿ ಹೋದಳು.