ಗೌರಾಬಾಯಿ ತಿಂದ ಹಿಡಿ ಸಕ್ಕರೆ

ಇಜೇರಿ ದಾಟಿ, ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ನಾಲ್ಕು ಮೈಲಿ ಒಳಗೆ ಹೋದರೆ ಸಿಗುವ ಊರಿನ ಸರ್ಕಾರಿ ಶಾಲೆಯಲ್ಲಿ ಗೌರಾಬಾಯಿ ಹದಿನಾರು ವರ್ಷದಿಂದ ಬಿಸಿಯೂಟದ ಮುಖ್ಯ ಅಡುಗೆಯವಳು. ಊರಲ್ಲಿ ಯಾರನ್ನು ಕೇಳಿದರೂ ಆಕೆಯ ಬಗ್ಗೆ ಎರಡು ಮಾತು ಹೇಳುತ್ತಿದ್ದರು. ಆಕೆಯ ಬ್ಯಾಳಿ ಸಾರಿಗೆ ಸಾಟಿಯಿಲ್ಲ. ಮಕ್ಕಳು ಉಣ್ಣುವವರೆಗೆ ಆಕೆ ಒಂದು ಅಗಳೂ ಬಾಯಿಗಿಡುವವಳಲ್ಲ. ಈ ಎರಡನೆಯ ಮಾತನ್ನು ಊರಿಗೆ ಹೇಳಿಕೊಟ್ಟವಳು ಗೌರಾಬಾಯಿಯೇ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ನೇಮ ಹಿಡಿಯುವವರು ಬಹಳ ಮಂದಿ ಇದ್ದಾರೆ, ಹಿಡಿದದ್ದನ್ನು ಓಣಿ ಓಣಿಗೆ ಸಾರುವವರೂ ಇದ್ದಾರೆ. ಗೌರಾಬಾಯಿಗೆ ಎರಡೂ ಬರುತ್ತಿತ್ತು.

ನೇಮ ಬಂದದ್ದು ಅತ್ತೆಯಿಂದ. ಸ್ನಾನ, ವಿಭೂತಿ, ಲಿಂಗಪೂಜೆ ಆಗದೆ ನೀರೂ ಇಲ್ಲ. ಮನೆಗೆ ಜಂಗಮರು ಬಂದ ದಿನ ಅವರ ಪ್ರಸಾದ ಮುಗಿಯದೆ ಮನೆಮಂದಿಗೆ ಊಟವಿಲ್ಲ. ಗಂಡ ತೀರಿಕೊಂಡು ಶಾಲೆಯ ಒಲೆ ಹಿಡಿದ ವರ್ಷ ಗೌರಾಬಾಯಿ ಅದಕ್ಕೆ ತನ್ನದೊಂದು ಗಂಟು ಸೇರಿಸಿದಳು. "ಈ ಸಾಲಿ ಮಕ್ಕಳೇ ನನಗ ಜಂಗಮರು. ಅವು ಉಂಡ ಮ್ಯಾಲೇ ನನ್ನ ಊಟ" ಎಂದಳು. ಸಾರಿನ ಉಪ್ಪು ನೋಡುವುದಕ್ಕೂ ಹೆಡ್ ಮಾಸ್ತರ್ ಸಂಜುಕುಮಾರರನ್ನೇ ಕರೆಯುತ್ತಿದ್ದಳು. ಅವರೂ ಬಂದ ಅಧಿಕಾರಿಗಳಿಗೆಲ್ಲ, "ನಮ್ಮ ಗೌರಾಬಾಯಿಯವ್ರು ಅಂದ್ರ ಶರಣರು ನೋಡ್ರಿ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಅದನ್ನು ಕೇಳುವಾಗ ಗೌರಾಬಾಯಿ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಿದ್ದಳು. ಹೊಟ್ಟೆ ಖಾಲಿ ಇದ್ದರೂ ಆ ಮಾತಿನಿಂದಲೇ ತುಂಬುತ್ತಿತ್ತು.

ಹೋದ ದೀಪಾವಳಿ ಮುಗಿದ ಮೇಲೆ ಊರಿಗೆ ಆರೋಗ್ಯ ಶಿಬಿರ ಬಂತು. ಬೆರಳು ಚುಚ್ಚಿ ನೋಡಿ, ಮುಂದೆ ಇನ್ನೊಂದೆರಡು ಪರೀಕ್ಷೆ ಮಾಡಿಸಿ, ಶುಗರ್ ಇದೆ ಎಂದರು. ಗುಳಿಗೆ ಕೊಟ್ಟವರು, "ಮುಂಜಾನಿ ಇದನ್ನ ತೊಗೊಂಡು ಅರ್ಧ ತಾಸಿನ್ಯಾಗ ನಾಷ್ಟಾ ಮಾಡಬೇಕು, ಮರೀಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ಗೌರಾಬಾಯಿ ಎರಡು ಸಲವೂ "ಹೂನ್ರಿ" ಎಂದಳು. ಆದರೆ ಗುಳಿಗೆಯನ್ನು ಮಾತ್ರ ಹಿಡಿದಳು, ನಾಷ್ಟಾವನ್ನು ಬಿಟ್ಟಳು. ಹದಿನಾರು ವರ್ಷದ ನೇಮವನ್ನು ಒಂದು ಕಡಲೆಯಷ್ಟಿರುವ ಗುಳಿಗೆಗಾಗಿ ಮುರಿಯುವುದೇ? ಲಿಂಗಪೂಜೆ ಮುಗಿಸಿ, ನೀರಿನ ಜೊತೆ ಗುಳಿಗೆ ನುಂಗಿ, ಸಕ್ಕರೆ ಇಲ್ಲದ ಚಹಾ ಕುಡಿದು ಶಾಲೆಗೆ ಹೋಗುತ್ತಿದ್ದಳು. ಆಮೇಲೆ ಮಧ್ಯಾಹ್ನ ಎರಡರವರೆಗೆ ಏನೂ ಇಲ್ಲ.

ಹದಿನೈದು ದಿನ ಕಳೆಯಲಿಲ್ಲ, ಶುರುವಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ, ಮೈಮೇಲೆ ಶಾಲು ಹೊದೆಯುವಂಥ ಚಳಿಯಲ್ಲೂ, ಕುಪ್ಪಸ ತೊಯ್ಯುವಷ್ಟು ಬೆವರು. ಕೈ ನಡುಗಿ ಸೌಟು ಪಾತ್ರೆಯ ಅಂಚಿಗೆ ಟಕಟಕ ಬಡಿಯುತ್ತಿತ್ತು. ಎದೆ ಡವಡವ. ಹೊಟ್ಟೆಯಲ್ಲಿ ಬೆಂಕಿ ಬಿದ್ದಂಥ ಹಸಿವು. ಕಣ್ಣು ಮಂಜು. ಅದರ ಮೇಲೆ ಸಿಟ್ಟು ಬೇರೆ, ಸುಮ್ಮನೆ ಹೋಗುವ ಹುಡುಗರ ಮೇಲೂ ಹರಿಹಾಯುತ್ತಿದ್ದಳು. ವಯಸ್ಸು ಐವತ್ತೇಳಾಯಿತು, ಶಕ್ತಿ ಕುಂದಿತು ಅಂದುಕೊಂಡಳು. ಒಂದು ದಿನ ಹಾಗೇ ನಡುಗುತ್ತ ನಿಂತಾಗ ಮಕ್ಕಳ ಹಾಲಿಗೆ ಇಟ್ಟಿದ್ದ ಸಕ್ಕರೆ ಡಬ್ಬಿ ಕಣ್ಣಿಗೆ ಬಿತ್ತು. ಕೈ ತಾನಾಗಿ ಒಳಗೆ ಹೋಯಿತು. ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಹತ್ತು ಹದಿನೈದು ನಿಮಿಷದಲ್ಲಿ ನಡುಕ ನಿಂತಿತು, ಬೆವರು ಆರಿತು, ಕಣ್ಣು ತಿಳಿಯಾಯಿತು.

ಆಮೇಲೆ ಬಂದದ್ದು ನಾಚಿಕೆ. ಅಯ್ಯೋ ಶಿವನೇ, ಮಕ್ಕಳ ಬಾಯಿಗೆ ಬೀಳಬೇಕಾದ್ದನ್ನು ತಿಂದೆನಲ್ಲ! ಶುಗರ್ ಇದ್ದವಳು ಸಕ್ಕರೆಯನ್ನೇ ತಿಂದೆನಲ್ಲ! ನೇಮ ನೇಮ ಎಂದು ಊರಿಗೆಲ್ಲ ಹೇಳಿದವಳು ಕದ್ದು ತಿಂದೆನಲ್ಲ! ಇನ್ನು ತಿನ್ನುವುದಿಲ್ಲ ಎಂದು ಆಣೆ ಮಾಡಿಕೊಂಡಳು. ಮರುದಿನ ಹನ್ನೊಂದಕ್ಕೆ ಮತ್ತೆ ಬೆವರು, ಮತ್ತೆ ಡಬ್ಬಿ. ಇದು ರೋಗವಿರಬಹುದು, ಯಾರನ್ನಾದರೂ ಕೇಳೋಣ ಎಂದು ಆಕೆಗೆ ಹೊಳೆಯಲೇ ಇಲ್ಲ. ಚಟ ಅಂದುಕೊಂಡಳು. ಚಟವನ್ನು ಯಾರು ಡಾಕ್ಟರಿಗೆ ತೋರಿಸುತ್ತಾರೆ?

ಅಡುಗೆ ಕೋಣೆಯಲ್ಲಿ ಇನ್ನೊಬ್ಬಳಿದ್ದಳು, ಸಹಾಯಕಿ ಅಂಬುಬಾಯಿ. ಊರಿನ ಆಚೆ ಓಣಿಯ ಬೌದ್ಧರ ಮನೆಯವಳು. ಅವಳ ಮಗಳು ಪಲ್ಲವಿ ಅದೇ ಶಾಲೆಯಲ್ಲಿ ನಾಲ್ಕನೆಯ ತರಗತಿ. ಹನ್ನೊಂದು ವರ್ಷದಿಂದ ಅಂಬುಬಾಯಿ ಅಕ್ಕಿ ಆರಿಸುತ್ತಿದ್ದಳು, ಕಾಯಿಪಲ್ಯೆ ಹೆಚ್ಚುತ್ತಿದ್ದಳು, ಬಾಂಡೆ ತಿಕ್ಕುತ್ತಿದ್ದಳು, ಸಾಮಾನಿನ ಕೋಣೆ ಗುಡಿಸುತ್ತಿದ್ದಳು. ಒಲೆ ಮುಟ್ಟುತ್ತಿರಲಿಲ್ಲ. ಮುಟ್ಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಮುಟ್ಟು ಎಂದೂ ಹೇಳಿರಲಿಲ್ಲ. ಆಕೆಯ ಕೈಯಿಂದ ಗೌರಾಬಾಯಿ ಒಂದು ಗುಟುಕು ನೀರು ಕುಡಿದವಳಲ್ಲ. ಹಾಗೆಂದು ಇಬ್ಬರಿಗೂ ಜಗಳವಿರಲಿಲ್ಲ, ನಗುತ್ತ ಮಾತಾಡಿಕೊಂಡೇ ಇದ್ದರು. ನಮ್ಮ ಊರುಗಳಲ್ಲಿ ಇಂಥ ನಗು ಬಹಳ ಕಾಲ ನಡೆಯುತ್ತದೆ.

ಸಂಕ್ರಾಂತಿ ಆದ ಮೇಲೆ ಒಂದು ದಿನ ಮಕ್ಕಳು ಹಾಲಿನ ಲೋಟ ಹಾಗೇ ಇಟ್ಟರು. "ಹಾಲು ಸಪ್ಪಗ ಅದರಿ ಸರ" ಎಂದರು. ತಿಂಗಳ ಕೊನೆಯವರೆಗೆ ಬರಬೇಕಾದ ಸಕ್ಕರೆ ಇಪ್ಪತ್ತನೆಯ ತಾರೀಖಿಗೇ ತಳ ಕಂಡಿತ್ತು. ಸಂಜುಕುಮಾರರಿಗೆ ಕೆಂಡದಂಥ ಸಿಟ್ಟು ಬಂತು. ಮರುದಿನ ಪ್ರಾರ್ಥನೆಯ ಸಾಲಿನಲ್ಲೇ, ನೂರಾ ನಲವತ್ತು ಮಕ್ಕಳ ಮುಂದೆ, ಇಬ್ಬರನ್ನೂ ಕರೆದು ನಿಲ್ಲಿಸಿದರು.

"ಗೌರಾಬಾಯಿಯವ್ರ, ನೀವ ಹೇಳ್ರಿ. ಸಕ್ರಿ ಎಲ್ಲಿ ಹೋತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗೌರಾಬಾಯಿ ತುಟಿ ಒರೆಸಿಕೊಂಡಳು. ಅದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಆಕೆಯನ್ನು ಅನುಮಾನದಿಂದ ನೋಡುವ ಕಣ್ಣೇ ಆ ಅಂಗಳದಲ್ಲಿರಲಿಲ್ಲ. ನಾನೇ ತಿಂದೆ ಅನ್ನಲು ಹೊರಟಿದ್ದಳು. ಆದರೆ ಬಾಯಿಂದ ಬಂದ ಮಾತು ಬೇರೆ.

"ನನಗೇನ್ ಗೊತ್ತರಿ ಸರ. ಸಾಮಾನಿನ ಖೋಲಿ ಗುಡಸಾಕ ದಿನಾ ಆಕೀನ ಹೋಗತಾಳ."

ಮಾತು ಸುಳ್ಳಲ್ಲ. ಗುಡಿಸಲು ಹೋಗುತ್ತಿದ್ದವಳು ಅಂಬುಬಾಯಿಯೇ. ನಿಜದ ಮಾತಿನಿಂದಲೇ ಇನ್ನೊಬ್ಬರ ಕುತ್ತಿಗೆ ಕೊಯ್ಯಬಹುದು ಎಂಬುದು ಗೌರಾಬಾಯಿಗೆ ಅಂದು ಗೊತ್ತಾಯಿತು. ಸಂಜುಕುಮಾರರು ಅಂಬುಬಾಯಿಯ ಕಡೆ ತಿರುಗಿ, "ಮಕ್ಕಳ ಹಾಲಿಗಿ ಕೈ ಹಾಕತಿಯೇನು? ನಾಚಿಕಿ ಬರೂದಿಲ್ಲೇನು? ನಾಳಿಂದ ಬರಬ್ಯಾಡ. ಕಮಿಟಿಯವ್ರ ಮುಂದ ಇಡತೇನಿ" ಎಂದರು. ಅಂಬುಬಾಯಿ ಅಳಲಿಲ್ಲ. ಗೌರಾಬಾಯಿಯನ್ನು ಒಂದು ಸಲ ನೋಡಿದಳು, ಆಮೇಲೆ ಹೋದಳು. ನಾಲ್ಕನೆಯ ತರಗತಿಯ ಸಾಲಿನಲ್ಲಿ ಪಲ್ಲವಿ ತಲೆ ತಗ್ಗಿಸಿ ನಿಂತಿದ್ದಳು.

ಆ ದಿನದಿಂದ ಗೌರಾಬಾಯಿ ಸಕ್ಕರೆ ಮುಟ್ಟಲಿಲ್ಲ. ಪ್ರಾಯಶ್ಚಿತ್ತವಂತೆ! ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅದನ್ನು ಬಿಟ್ಟು ಬಾಯಿಯನ್ನೇ ಕಟ್ಟಿಕೊಂಡಳು. ಗುಳಿಗೆಯನ್ನು ಮಾತ್ರ ತಪ್ಪದೆ ನುಂಗಿದಳು. ನಾಲ್ಕು ದಿನ ಗೋಡೆ ಹಿಡಿದು, ಕಣ್ಣು ಮುಚ್ಚಿ ಕೂತು ಹೇಗೋ ದಾಟಿದಳು. ಐದನೆಯ ದಿನ ಹನ್ನೊಂದೂವರೆಗೆ ಕೈಯಿಂದ ಸೌಟು ಜಾರಿತು. ಮಾತು ತೊದಲಿತು. ಪಾತ್ರೆಗೆ ಉಪ್ಪು ಹಾಕುವ ಬದಲು ನೆಲಕ್ಕೆ ಚೆಲ್ಲಿದಳು. ಸತ್ತ ಅತ್ತೆಯ ಹೆಸರು ಹಿಡಿದು ಏನೋ ಬೈಯತೊಡಗಿದಳು. ಬಾಗಿಲಲ್ಲಿ ನಿಂತ ಹುಡುಗರು, "ಆಯಿ ಕುಡದಾಳಲೇ!" ಎಂದು ನಕ್ಕರು. ಮರುಕ್ಷಣ ಆಕೆ ಕುದಿಯುವ ಸಾರಿನಿಂದ ಎರಡು ಮಾರು ಈಚೆ ಗೋಡೆಗೆ ಒರಗಿ ಕುಸಿದಳು.

ಎಲ್ಲರೂ ನಗುವಾಗ ಪಲ್ಲವಿ ಓಡಿದಳು. ತಾಯಿಯನ್ನು ಕರೆದುಕೊಂಡೇ ಬಂದಳು.

ಅಂಬುಬಾಯಿ ಒಳಗೆ ಬಂದವಳು ಹಣೆ ಮುಟ್ಟಿ ನೋಡಿದಳು, ಅಂಗೈ ಮುಟ್ಟಿ ನೋಡಿದಳು. "ನಮ್ಮ ಮಾವಗ ಹಿಂಗೇ ಆಗತಿತ್ತರಿ ಸರ. ಸಕ್ರಿ ಕಮ್ಮಿ ಆಗ್ಯಾದ. ಹೆಚ್ಚಾದ್ರಷ್ಟೇ ಅಲ್ಲ, ಕಮ್ಮಿ ಆದ್ರೂ ಜೀವ ತಿಂತದ" ಎಂದಳು. "ಗೌರಕ್ಕಾ, ನಾ ಅಂಬೂ. ಕೇಳಸತದೇನ್ರಿ? ನುಂಗಾಕ ಬರತದೇನ್ರಿ?" ಗೌರಾಬಾಯಿ ತಲೆಯಾಡಿಸಿದಳು. ಅಂಬುಬಾಯಿ ಹೊಸದಾಗಿ ತಂದಿಟ್ಟ ಸಕ್ಕರೆಯನ್ನು ಲೋಟದ ನೀರಿನಲ್ಲಿ ಕಲಸಿ, ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು, ಗುಟುಕು ಗುಟುಕಾಗಿ ಕುಡಿಸಿದಳು. ಕಣ್ಣು ತಿಳಿಯಾದಾಗ ಗೌರಾಬಾಯಿಗೆ ಮೊದಲು ಕಂಡದ್ದು ಆ ಕೈ. ಸತ್ತೇ ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಈಗ ಆರಾಮ ಆತು ಅಂತ ಬಿಡಬ್ಯಾಡ್ರಿ" ಎಂದಳು ಅಂಬುಬಾಯಿ. "ದವಾಖಾನಿಗಿ ಹೋಗೂಣು. ಆ ಗುಳಗಿ ಚೀಟಿನೂ ತೊಗೋರಿ." ಸಂಜುಕುಮಾರರು ಆಟೊ ಕರೆಸಿದರು. ಮೂವರೂ ಜೇವರ್ಗಿಗೆ ಹೋದರು.

ಸರ್ಕಾರಿ ದವಾಖಾನೆಯ ಡಾಕ್ಟರ್ ಮೆಹನಾಜ್ ಬೆರಳು ಚುಚ್ಚಿ ನೋಡಿದರು. "ಸಕ್ರಿ ನೀರು ಕುಡದು ಬಂದ ಮ್ಯಾಲೂ ಎಪ್ಪತ್ತೆರಡು ಅದ. ಅಂದ್ರ ಬಿದ್ದಾಗ ಎಷ್ಟಿತ್ತೋ!" ಎಂದರು. ಗುಳಿಗೆಯ ಚೀಟಿ ಓದಿದರು. ಯಾವಾಗ ನುಂಗುತ್ತೀರಿ, ಯಾವಾಗ ಉಣ್ಣುತ್ತೀರಿ, ಬೆವರು ನಡುಕ ಯಾವ ಹೊತ್ತಿಗೆ, ಎಷ್ಟು ದಿನದಿಂದ ಎಂದು ಒಂದೊಂದಾಗಿ ಕೇಳಿದರು. ಗೌರಾಬಾಯಿ ಹೇಳುತ್ತ ಹೋದಳು.

"ಎರಡ ತಿಂಗಳ? ಮತ್ತ ಇಷ್ಟ ದಿನ ಬೀಳದೇ ಹ್ಯಾಂಗ ಉಳದ್ರಿ? ನಡುಕ ಬಂದಾಗ ಏನ ಮಾಡತಿದ್ರಿ?"

ಒಂದು ಕಡೆ ಸಂಜುಕುಮಾರರು, ಇನ್ನೊಂದು ಕಡೆ ಅಂಬುಬಾಯಿ. ಗೌರಾಬಾಯಿಯ ಮುಖ ಕಾದ ಹಂಚಿನಂತಾಯಿತು.

"ಸಕ್ರಿ ತಿಂತಿದ್ದೆರಿ. ಸಾಲಿದು. ಮಕ್ಕಳ ಹಾಲಿಂದು."

ಡಾಕ್ಟರಿಗೆ ಅದರ ಹಿಂದಿನ ಕಥೆ ಏನು ಗೊತ್ತು, ಪಾಪ! "ಛಲೋ ಆತು, ಅದೇ ನಿಮ್ಮನ್ನ ಉಳಿಸೇದ" ಎಂದುಬಿಟ್ಟರು. ಗುಳಿಗೆ ಕೆಲಸ ಮಾಡುತ್ತದೆ, ಹೊಟ್ಟೆಯಲ್ಲಿ ಅನ್ನ ಇರುವುದಿಲ್ಲ, ರಕ್ತದ ಸಕ್ಕರೆ ಪೂರ್ತಿ ಇಳಿಯುತ್ತದೆ, ಅದಕ್ಕೇ ಈ ನಡುಕ ಎಂದು ತಿಳಿಸಿದರು. ಆ ಗುಳಿಗೆ ನಿಲ್ಲಿಸಿ ಬೇರೆ ಬರೆದರು. ಕಿಡ್ನಿಯದೂ ಒಮ್ಮೆ ನೋಡೋಣ ಎಂದು ರಕ್ತ ತೆಗೆಸಿದರು. ಸಂಜೆಯವರೆಗೆ ಮಲಗಿಸಿ ಮತ್ತೆ ಮತ್ತೆ ಬೆರಳು ಚುಚ್ಚಿದರು. "ಪೂಜಿ ಮಾಡ್ರಿ, ಯಾರ ಬ್ಯಾಡಂತಾರ? ಪೂಜಿ ಆದಕೂಡ್ಲೆ ರೊಟ್ಟಿ ತಿನ್ರಿ" ಎಂದು ಗದರಿದರು.

ಹೊರಗಿನ ಬೆಂಚಿನ ಹತ್ತಿರ ಗೌರಾಬಾಯಿ ಸಂಜುಕುಮಾರರಿಗೆ ಕೈಮುಗಿದಳು. ಅವರು ಎರಡೇ ನಿಮಿಷದಲ್ಲಿ ಮಾಫಿ ಮಾಡಿಬಿಟ್ಟರು. "ಬಿಡ್ರಿ ಬಿಡ್ರಿ, ಶುಗರಿನ ಬ್ಯಾನಿಲೆ ಆಗಿದ್ದಕ್ಕ ಕಳುವು ಅಂತಾರೇನು? ಯಾರ ಮುಂದೂ ತೆಗೀಬ್ಯಾಡ್ರಿ. ಅಂಬುಬಾಯಿ, ನಾಳಿಂದ ಬಾರವಾ ನೀ" ಎಂದು ಆಟೊ ನೋಡಲು ಹೋದರು. ಒಬ್ಬಳನ್ನು ನೂರಾ ನಲವತ್ತು ಮಕ್ಕಳ ಮುಂದೆ ಕಳ್ಳಿ ಮಾಡಿದವರು ಇನ್ನೊಬ್ಬಳನ್ನು ಮೆಲ್ಲಗೆ ಮುಚ್ಚಿಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ತನ್ನ ಮಾನ ಹಿಡಿ ಸಕ್ಕರೆ ತಿಂದರೂ ಹೋಗಲಿಲ್ಲವಲ್ಲ, ಅಂಬೂನ ಮಾನ ಹೋಯಿತಲ್ಲ ಎಂದು ಗೌರಾಬಾಯಿಗೆ ಮೈಯೆಲ್ಲ ಹೇಸಿಗೆಯಾಯಿತು.

"ಅಂಬೂ, ನಿನಗ ಗೊತ್ತಿತ್ತೇನು?"

"ಗೊತ್ತಿತ್ತರಿ. ತುಟಿಗಿ ಹತ್ತಿದ್ದು ಎಷ್ಟ ಸಲ ನೋಡೇನಿ. ಮಾವನಂಗ ಬೆವರತಾರ, ಒಂದಿನ ಹೇಳಬೇಕು ಅಂತಿದ್ದೆ. ಅಷ್ಟರಾಗ ನೀವೇ ನನ್ನ ಮ್ಯಾಲ ಹೇಳಿದ್ರಿ."

"ಅಂದು ಸಾಲಿನ್ಯಾಗ ನೀ ಯಾಕ ಬಾಯಿ ಬಿಡಲಿಲ್ಲ?"

"ನೀವು ತಿಂದ್ರಿ ಅಂತ ನಾ ಅಂದ್ರ ಯಾರ ನಂಬತಿದ್ರು ಗೌರಕ್ಕಾ?" ಅಂಬುಬಾಯಿಯ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಾಳೆ ನಾ ಬರೂದಿಲ್ಲ. ನನಗ ಕಳ್ಳಿ ಅಂದಿದ್ದು ನನ್ನ ಮಗಳ ಮುಂದ. ಅಲ್ಲಲ್ಲ ಅನ್ನೂದೂ ಆಕಿ ಮುಂದ ಆಗಬೇಕು."

ಎರಡು ದಿನ ಗೌರಾಬಾಯಿ ಮನೆಯಿಂದ ಹೊರಬೀಳಲಿಲ್ಲ. ಮೂರನೆಯ ದಿನ ಲಿಂಗಪೂಜೆ ಮುಗಿಸಿ, ಹದಿನಾರು ವರ್ಷದಲ್ಲಿ ಮೊದಲ ಸಲ, ಒಂದು ರೊಟ್ಟಿ ಝುಣಕ ತಿಂದು ಶಾಲೆಗೆ ಹೋದಳು. ದಾರಿಯಲ್ಲಿ ಆಚೆ ಓಣಿಗೆ ಹೋಗಿ ಅಂಬುಬಾಯಿಯನ್ನು ಕರೆದಳು. ಆಕೆ ಬಂದಳು, ಆದರೆ ಗೇಟಿನ ಹೊರಗೇ ನಿಂತಳು. ಪ್ರಾರ್ಥನೆ ಮುಗಿಯಿತು. ಸಂಜುಕುಮಾರರು, "ಯಾಕ ಸುಮ್ಮ, ಮುಗದ ಮಾತು" ಎಂದು ಪಿಸುಗುಟ್ಟಿದರೂ ಕೇಳದೆ ಗೌರಾಬಾಯಿ ಮುಂದೆ ಬಂದು ನಿಂತಳು.

ನಿಂತಳೇನೋ ಹೌದು, ಕಾಲು ನಡುಗಿದವು. ಹಣೆಯಲ್ಲಿ ಬೆವರು ಮೂಡಿತು. ಗೇಟಿನ ಹೊರಗಿದ್ದ ಅಂಬುಬಾಯಿ ಅದನ್ನು ಕಂಡು ದಡದಡ ಒಳಗೆ ಬಂದಳು.

"ಗೌರಕ್ಕಾ, ಮತ್ತ ಕಮ್ಮಿ ಆತೇನ್ರಿ? ಕುಂದರ್ರಿ, ಸಕ್ರಿ ತರತೇನಿ."

"ಬ್ಯಾಡ ಅಂಬೂ. ರೊಟ್ಟಿ ತಿಂದು ಬಂದೇನಿ" ಎಂದಳು ಗೌರಾಬಾಯಿ. "ಈ ನಡುಕ ಸಕ್ರಿದಲ್ಲ."

ಆಮೇಲೆ ಮಕ್ಕಳ ಕಡೆ ತಿರುಗಿದಳು. "ಹಾಲಿನ ಸಕ್ರಿ ತಿಂದಾಕಿ ನಾನು. ಅಂಬೂ ಅಲ್ಲ. ತಿಂದದ್ದು ಬ್ಯಾನಿಲೆ ತಿಂದೆ. ಆಕಿ ಮ್ಯಾಲ ಹಾಕಿದ್ದು ಬ್ಯಾನಿಲೆ ಅಲ್ಲ."

ನಾಲ್ಕನೆಯ ತರಗತಿಯ ಸಾಲಿನಲ್ಲಿ ಪಲ್ಲವಿ ತಲೆ ಎತ್ತಿ ತಾಯಿಯನ್ನು ನೋಡಿದಳು.